ಅಳತೆಗೊಬ್ಬ ಮನುಷ್ಯ

ಪರದೆ ಇಳಿಯುವುದು ಹತ್ತೂವರೆಗೆ. ಇನ್ನೂ ಏಳು ಗಂಟೆಯಾಗಿರಲಿಲ್ಲ, ಅವನಾಗಲೇ ಎರಡನೆಯ ಸಲ ಗಡ್ಡ ಹೆರೆದುಕೊಳ್ಳುತ್ತಿದ್ದ. ಹೆರೆಯಲು ಗಡ್ಡವಿದ್ದರೆ ತಾನೇ? ಗಲ್ಲ ಕೊಯ್ದುಕೊಂಡು, ಹತ್ತಿ ಒತ್ತಿಕೊಂಡು ಹೊರಗೆ ಬಂದ.

"ಎರಡು ಸಲಾನಾ?" ಹೆಂಡತಿ ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡೇ ನಕ್ಕಳು. "ಮದುವೆ ದಿನ ಒಂದು ಸಲಾನೂ ಸರಿಯಾಗಿ ಹೆರೆದಿರಲಿಲ್ಲ ನೀವು."

"ಅವತ್ತು ಟೀವಿಯೋರು ಬಂದಿರಲಿಲ್ಲ."

"ಬರಬೇಕಿತ್ತು. ನಿಮ್ಮ ಮುಖ ಊರೆಲ್ಲ ನೋಡ್ಬೇಕಿತ್ತು."

ಅವನೂ ನಕ್ಕ. ಖುಷಿಯಾಗಿತ್ತು. ಸುಳ್ಳು ಯಾಕೆ, ಕುಣಿಯುವಷ್ಟು ಖುಷಿಯಾಗಿತ್ತು. ಆರು ವರ್ಷ ಈ ಒಂದು ದಿನಕ್ಕಾಗಿ ಕಾದಿದ್ದ. ಅವನು ಎಳೆದ ಗೆರೆಗಳು ನಗರದ ನಡುಮಧ್ಯದ ಚೌಕದಲ್ಲಿ ಎದ್ದು ನಿಂತಿದ್ದವು. ಅವನ್ನು ಊರೆಲ್ಲ ಒಟ್ಟಿಗೆ ನಿಂತು ನೋಡುವ ದಿನ ಇದು. ಅದೇ ಎದೆಯಲ್ಲಿ, ಎಲ್ಲ ಬಿಟ್ಟು ಓಡಿಹೋಗಬೇಕು ಎಂಬ ಆಸೆಯೂ ಅಷ್ಟೇ ಜೋರಾಗಿ ಡವಗುಟ್ಟುತ್ತಿತ್ತು. ಯಾವ ಡವಡವ ಯಾವುದರದ್ದು ಎಂದು ಅವನಿಗೇ ಗೊತ್ತಾಗುತ್ತಿರಲಿಲ್ಲ.

ಪೇಪರಿನ ಮೊದಲ ಪುಟದ ಅರ್ಧಭಾಗ ಅವನ ಹೊಸ ಸಭಾಭವನದ್ದೇ. ಅಂದರೆ ಸಭಾಭವನದ ಮಾಡೆಲ್ಲಿನದು. ಆರು ವರ್ಷದಿಂದ ಅದೇ ಒಂದು ಫೋಟೋ. ಬಣ್ಣ ಬಳಿಯದ ಕಾಂಕ್ರೀಟಿನ ಒಂದೇ ಒಂದು ಗೋಡೆ. ಕಂಬವಿಲ್ಲ, ಕಮಾನಿಲ್ಲ, ಗೋಪುರವಿಲ್ಲ. ಗೋಡೆಯ ನಡುವೆ ಒಂದು ಬಾಗಿಲು, ಬಾಗಿಲಿಗೆ ಏರುವ ಮೆಟ್ಟಿಲು, ಮೆಟ್ಟಿಲ ಮೇಲೆ ಅಲ್ಲಲ್ಲಿ ಚೂರು ಚೂರು ಜನ. ಬಲಕ್ಕೆ ನಗರಸಭೆಯ ಅಧ್ಯಕ್ಷರ ಹೇಳಿಕೆ: ನಮ್ಮ ನಗರದ ಘನತೆ ಇಂದು ಮುಗಿಲು ಮುಟ್ಟಲಿದೆ. ಎಡಕ್ಕೆ ನಿವೃತ್ತ ಪೋಸ್ಟ್‌ಮಾಸ್ಟರೊಬ್ಬರ ಹೇಳಿಕೆ: ಚೌಕವನ್ನು ನುಂಗುವ ಈ ರಾಕ್ಷಸನನ್ನು ಕೊನೆಯುಸಿರಿನವರೆಗೂ ವಿರೋಧಿಸುತ್ತೇನೆ. ಇಬ್ಬರೂ ನೋಡಿದ್ದು ಒಂದೇ ಫೋಟೋವನ್ನು.

"ನನ್ನ ಜನ ಎಷ್ಟು ಮುದ್ದಾಗಿ ಬಂದಿದಾರೆ ನೋಡಿ," ಹೆಂಡತಿ ಅವನ ಭುಜದ ಮೇಲಿಂದ ಇಣುಕಿದಳು. "ಏನೇ ಹೇಳಿ, ನೀವು ಗೆದ್ದಿದ್ದು ನನ್ನ ಜನರಿಂದಾನೇ."

ತಮಾಷೆಗೆ ಅಂದದ್ದು. ಆದರೆ ನಡೆದದ್ದೂ ಅದೇ.

ಸ್ಪರ್ಧೆಗೆಂದು ಮಾಡೆಲ್ ಕಟ್ಟುವಾಗ ಅವನು ಮೊದಲು ಚಿಕ್ಕದಾಗಿ ಶುರುಮಾಡಿದ್ದ. ಆ ಅಳತೆಗೆ ಹೊಂದುವ ಪ್ಲಾಸ್ಟಿಕ್ ಜನರ ಪೊಟ್ಟಣ ತರಲು ಚೀಟಿ ಬರೆದು ಹೆಂಡತಿಯ ಕೈಗೆ ಕೊಟ್ಟ. ಆಮೇಲೆ ಮನಸ್ಸು ಬದಲಾಯಿಸಿ ಮಾಡೆಲ್ಲನ್ನು ಎರಡರಷ್ಟು ದೊಡ್ಡದು ಮಾಡಿದ. ಚೀಟಿ ಬದಲಾಯಿಸುವುದನ್ನು ಮರೆತ. ಎರಡು ಅಕ್ಕಿಕಾಳಿನಷ್ಟು ಎತ್ತರ ಇರಬೇಕಾಗಿದ್ದ ಜನ ಒಂದೇ ಅಕ್ಕಿಕಾಳಿನಷ್ಟು ಬಂದರು. ಪಾಪ, ಅವಳಿಗೇನು ಗೊತ್ತು? ಒಬ್ಬೊಬ್ಬರನ್ನೇ ಚಿಮಟದಲ್ಲಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಮೆಟ್ಟಿಲಿಗೆ ಅಂಟಿಸಿದಳು. ಗಡುವಿನ ಗಡಿಬಿಡಿಯಲ್ಲಿ ಅವನು ತಿರುಗಿ ನೋಡಲಿಲ್ಲ.

ಜನ ಅರ್ಧವಾದರೆ ಕಟ್ಟಡ ಕಣ್ಣಿಗೆ ಎರಡರಷ್ಟು. ತೀರ್ಪುಗಾರರು ಮಾಡೆಲ್ಲಿನ ಸುತ್ತ ಬಂದರು, ಇನ್ನೊಂದು ಸುತ್ತು ಬಂದರು. ಅವರಲ್ಲಿ ಹಿರಿಯರು ಕನ್ನಡಕ ತೆಗೆದು, "ಎಂಥಾ ಧೈರ್ಯ ಮಾರಾಯ್ರೇ! ಮನುಷ್ಯ ಎದುರಿಗೆ ನಿಂತರೆ ತಾನು ಏನೂ ಅಲ್ಲ ಅನ್ನಿಸಬೇಕು," ಎಂದರು. ಆಗ ಅವನ ಕಣ್ಣಿಗೆ ಆ ತಪ್ಪು ಬಿತ್ತು. ಬಾಯಿ ತೆರೆದ. ಅಷ್ಟರಲ್ಲಿ ಯಾರೋ ಕೈ ಕುಲುಕಿದರು. ಬಾಯಿ ಮುಚ್ಚಿದ.

ಮೋಸವೇನೂ ಇರಲಿಲ್ಲ, ನೋಡಿ. ನಕ್ಷೆಯಲ್ಲಿ ನಲವತ್ತು ಅಡಿ ಎಂದೇ ಬರೆದಿತ್ತು. ಇಂಜಿನಿಯರು ನಲವತ್ತಕ್ಕೇ ಲೆಕ್ಕ ಹಾಕಿದರು, ಗುತ್ತಿಗೆದಾರರು ನಲವತ್ತನ್ನೇ ಕಟ್ಟಿದರು. ನಲವತ್ತೆಂದರೆ ಎಷ್ಟು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಫೋಟೋ ನೋಡಿದ್ದರು. ಊರು ಎರಡು ಪಾಲಾಯಿತು. ಇಷ್ಟು ಭರ್ಜರಿ ಕಟ್ಟಡ ನಮಗೆ ಬೇಕೇ ಬೇಕು ಎಂದು ಅರ್ಧ ಊರು, ಇಂಥ ಗೋಡೌನು ನಮ್ಮ ಚೌಕದಲ್ಲಿ ಬೇಡವೇ ಬೇಡ ಎಂದು ಇನ್ನರ್ಧ. ಮೆರವಣಿಗೆ, ಕೋರ್ಟು, ತಡೆಯಾಜ್ಞೆ. ಅವನು ಸಭೆ ಸಭೆಗೆ ಹೋಗಿ 'ಬೃಹತ್ತು ಮತ್ತು ಬಯಲು' ಎಂದು ಭಾಷಣ ಮಾಡಿದ. ಮಾಡುತ್ತ ಮಾಡುತ್ತ ಎಂಬತ್ತಡಿಯ ಕಟ್ಟಡ ಅವನಿಗೂ ಕಾಣತೊಡಗಿತು. ಈಗೀಗ ಕನಸಿನಲ್ಲಿ ಬರುತ್ತಿದ್ದದ್ದೂ ಅದೇ.

"ಒಂದು ಮಾತು ಹೇಳ್ಬೇಕಿತ್ತು ಕಣೇ," ಎಂದ.

"ಹೇಳಿ."

"ಆ ಜನ..."

"ಯಾವ ಜನ?"

"ಜನ ತುಂಬ ಸೇರ್ತಾರೆ ಇವತ್ತು. ನೀನು ಬೇಗ ಬಂದು ಮುಂದೆ ನಿಂತ್ಕೋ."

"ಅಷ್ಟೇನಾ? ಏನೋ ಅಂದ್ಕೊಂಡೆ," ಎಂದು ಅವಳು ಶರ್ಟು ಕೊಟ್ಟಳು. ಬಿಸಿಯಾಗಿತ್ತು.

ಚೌಕಕ್ಕೆ ನಡೆದೇ ಹೋದ. ಒಂಬತ್ತಕ್ಕಾಗಲೇ ಜನ ನೆರೆದಿದ್ದರು. ಅಂಗಡಿಗಳ ಮಾಳಿಗೆಯ ಮೇಲೆ ಜನ, ಕಾರಂಜಿಯ ಕಟ್ಟೆಯ ಮೇಲೆ ಜನ, ದೀಪದ ಕಂಬಕ್ಕೆ ಜೋತುಬಿದ್ದ ಜನ. ಪೊಲೀಸ್ ಬ್ಯಾಂಡಿನವರು ಕಹಳೆಗಳನ್ನು ಊದಿ ಊದಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಇವೆಲ್ಲದರ ಎದುರಿಗೆ ಹಸಿರು ಪರದೆ, ನೆಲದಿಂದ ಎಂಬತ್ತಡಿಯವರೆಗೆ, ಗಾಳಿಗೆ ಉಬ್ಬುತ್ತ ತಗ್ಗುತ್ತ ನಿಂತಿತ್ತು. ನೋಡಿದೊಡನೆ ಅವನ ಮೈ ಜುಮ್ಮೆಂದಿತು. ನನ್ನದು, ಎಂದುಕೊಂಡ. ಪರದೆಯೂ ನನ್ನದೇ.

"ಏನ್ರೀ ಇಂಜಿನಿಯರ್ರೇ, ನಿದ್ದೆ ಬಂತಾ ರಾತ್ರಿ?"

ಪೋಸ್ಟ್‌ಮಾಸ್ಟರು. ಅವನು ಇಂಜಿನಿಯರಲ್ಲ, ವಾಸ್ತುಶಿಲ್ಪಿ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಹಾಗೆ ಕರೆಯುವುದು. ಆರು ವರ್ಷದಲ್ಲಿ ನಗರಸಭೆಗೆ, ಕೋರ್ಟಿಗೆ, ಪತ್ರಿಕೆಗಳಿಗೆ ಅವರು ಬರೆದ ಆಕ್ಷೇಪಣೆಗಳಿಗೆ ಕೊನೆಯಿಲ್ಲ. ಈ ಕಟ್ಟಡದ ನೆರಳು ಇಡೀ ಚೌಕವನ್ನು ಮುಚ್ಚಿ, ಆಚೆ ಬದಿಯಲ್ಲಿರುವ ತಮ್ಮ ಮನೆಯ ಕಿಟಕಿಗೂ ಬೀಳುತ್ತದೆ ಎಂದು ಸ್ವತಃ ಚಿತ್ರ ಬರೆದು ಕೋರ್ಟಿಗೆ ಒಪ್ಪಿಸಿದವರು. ಇವತ್ತು ಹೊಸ ಬೋರ್ಡು ತಂದಿದ್ದರು: ಬಿಸಿಲು ನಮ್ಮದು.

"ನಿಮಗೆ ಬಂತಾ ಸಾರ್?"

"ನನಗೆಲ್ಲಿ! ಬೆಳಕು ಹರಿಯೋದ್ರೊಳಗೆ ಎದ್ದು ಬೋರ್ಡು ಬರೆದೆ." ದನಿ ತಗ್ಗಿಸಿದರು. "ನಿಜ ಹೇಳ್ಲಾ? ರಿಟೈರ್ ಆದ್ಮೇಲೆ ನಾನು ಸತ್ತೇ ಹೋಗಿದ್ದೆ ಕಣ್ರೀ. ಮನೆಯೋಳೂ ಹೋದ್ಲು. ಆಗ ಬಂತು ನೋಡಿ ನಿಮ್ಮ ಈ ರಾಕ್ಷಸ. ಬೆಳಿಗ್ಗೆ ಎದ್ದು ಚಪ್ಪಲಿ ಹಾಕ್ಕೊಳ್ಳೋಕೆ ಒಂದು ಕಾರಣ ಸಿಕ್ತು. ಇಲ್ಲಿ ಕೈಯಿಟ್ಟು ನೋಡಿ, ಎದೆ ಹೇಗೆ ಹೊಡ್ಕೊಳ್ತಿದೆ."

ಅವನು ನಿಜವಾಗಿಯೂ ಕೈಯಿಟ್ಟು ನೋಡಿದ. ತನ್ನದಕ್ಕಿಂತ ಜೋರಾಗಿತ್ತು. ಯಾರಿಗಾದರೂ ಹೇಳುವುದಾದರೆ ಇವರಿಗೇ ಹೇಳಬೇಕು ಎನ್ನಿಸಿತು.

"ಸಾರ್, ಅದು ಅಷ್ಟು ದೊಡ್ಡದಿಲ್ಲ."

"ಯಾವುದು?"

"ಕಟ್ಟಡ. ನಲವತ್ತಡಿ ಅಷ್ಟೇ."

ಪೋಸ್ಟ್‌ಮಾಸ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮ ವಕೀಲರೂ ಕೋರ್ಟಲ್ಲಿ ಇದೇ ರಾಗ ಎಳೆದ್ರು. ಜಡ್ಜ್ ಸಾಹೇಬರು ಫೋಟೋ ನೋಡಿ ನಕ್ಕೇಬಿಟ್ರು. ಹೋಗ್ರೀ, ಇವತ್ತಾದ್ರೂ ಧೈರ್ಯವಾಗಿ ನಿಂತ್ಕೊಳ್ಳಿ."

"ನಿಜ ಸಾರ್. ನಲವತ್ತೇ."

"ಸಾಕು ಬಿಡ್ರೀ. ಶತ್ರು ಚಿಕ್ಕೋನಾದ್ರೆ ನನ್ನ ಮರ್ಯಾದೆ ಏನಾಗ್ಬೇಕು?" ಎಂದು ಬೋರ್ಡನ್ನು ಎತ್ತಿ ಹಿಡಿದು ತಮ್ಮ ಕಡೆಯವರ ನಡುವೆ ಹೋದರು. ಅಲ್ಲಿ ದೊಡ್ಡ ಕೂಗೆದ್ದಿತು.

ಅವನು ಪರದೆಯ ಹಿಂದಕ್ಕೆ ಹೋದ. ಮೇಸ್ತ್ರಿ ನಾಲ್ಕು ಕಬ್ಬಿಣದ ಕಂಬಗಳ ಹಗ್ಗಗಳನ್ನು ಎಳೆದೆಳೆದು ನೋಡುತ್ತಿದ್ದ. ಪೈಪಿಗೆ ಪೈಪು ಸೇರಿಸಿ ನಿಲ್ಲಿಸಿದ ಕಂಬಗಳು. ಕಟ್ಟಡವನ್ನು ದಾಟಿ ಇನ್ನೂ ಮೇಲಕ್ಕೆ ಹೋಗಿದ್ದವು.

"ಸಾರ್, ಆವತ್ತಿಂದ ಕೇಳ್ಬೇಕು ಅಂತಿದ್ದೆ. ನಲವತ್ತಡಿ ಗೋಡೆಗೆ ಎಂಬತ್ತಡಿ ಪರದೆ ಯಾಕೆ?"

"ಅಧ್ಯಕ್ಷರ ಆಸೆ."

"ಅವ್ರಿಗೆ ಗೊತ್ತಿಲ್ವಾ?"

ಅಧ್ಯಕ್ಷರು ಹತ್ತು ಸಲ ಬಂದು ಹೋಗಿದ್ದರು. ಆದರೆ ಬಂದಾಗಲೆಲ್ಲ ಹೆಲ್ಮೆಟ್ಟು, ಸಿಮೆಂಟಿನ ಧೂಳು, ನಾಲ್ಕು ದಿಕ್ಕಿಗೂ ಪೈಪು ಹಲಗೆಗಳ ಕಾಡು, ಅದರ ಹೊರಗೆ ಊರಿನವರಿಗೆ ಏನೂ ಕಾಣದಂತೆ ಕಟ್ಟಿದ ಬಲೆ. ದೂರ ನಿಂತು ನೋಡುವುದಕ್ಕೆ ದೂರವೇ ಇರಲಿಲ್ಲ. ಕತ್ತೆತ್ತಿ, ಇನ್ನೂ ಎಷ್ಟು ಏರುತ್ತೆ, ಎಂದು ಪ್ರತಿ ಸಲವೂ ಕೇಳುತ್ತಿದ್ದರು. ಇವನು ಪ್ರತಿ ಸಲವೂ, ನೋಡ್ತಾ ಇರಿ ಸಾರ್, ಎನ್ನುತ್ತಿದ್ದ.

"ಗೊತ್ತಿರ್ಬೇಕು," ಎಂದ.

ಮೇಸ್ತ್ರಿ ಗೋಡೆಗೆ ಅಂಗೈಯಿಟ್ಟ. "ಏನಾದ್ರೂ ಅನ್ನಿ ಸಾರ್, ನಲವತ್ತು ವರ್ಷದಲ್ಲಿ ಇಷ್ಟು ನೀಟಾಗಿ ನಾನು ಕಾಂಕ್ರೀಟು ಸುರಿಸಿಲ್ಲ. ಒಂದು ತೂತಿಲ್ಲ, ಒಂದು ಬಿರುಕಿಲ್ಲ. ಮುಟ್ಟಿ ನೋಡಿ."

ಅವನು ಮುಟ್ಟಲಿಲ್ಲ. ಅವನ ಕಣ್ಣು ಗೋಡೆ ಮುಗಿದು ಆಕಾಶ ಶುರುವಾಗುವ ಕಡೆ ಇತ್ತು.

ಹತ್ತೂಕಾಲಿಗೆ ಅಧ್ಯಕ್ಷರ ಕಾರು ಬಂತು. ಅವರೂ ಉಬ್ಬಿಹೋಗಿದ್ದರು, ಇಳಿದವರೇ ಅವನ ಹೆಗಲ ಮೇಲೆ ಕೈಹಾಕಿ ಎಳೆದುಕೊಂಡು ನಡೆದರು. "ಬಾರಯ್ಯಾ, ಬಾ. ಇವತ್ತು ಈ ಊರಿನವರ ಕುತ್ತಿಗೆ ನೋಯಬೇಕು ನೋಡು, ಮೇಲೆ ನೋಡಿ ನೋಡಿ!"

"ಸಾರ್, ಪರದೆ ಇಳಿಸೋ ಮುಂಚೆ ಒಂದು ವಿಷಯ..."

"ಭಾಷಣದಲ್ಲಿ ನಿನ್ನ ಹೆಸರು ಮೂರು ಸಲ ಇದೆ. ಎಣಿಸಿದೀನಿ. ಇನ್ನೇನು ಬೇಕು?"

ಇನ್ನೇನೂ ಬೇಡ ಎಂದ. ಮೂರು ಸಲ ಎಂದದ್ದು ಕೇಳಿ ಮೈಯೆಲ್ಲ ಬಿಸಿಯಾಯಿತು, ನಾಚಿಕೆಯಾಗುವಷ್ಟು. ಭಾಷಣ ಶುರುವಾಯಿತು. ಜನರ ಗದ್ದಲದಲ್ಲಿ ತನ್ನ ಹೆಸರು ಕೇಳಿದಾಗಲೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡ. ಮೊದಲ ಸಲ ಚಪ್ಪಾಳೆ ಬಿತ್ತು. ಎರಡನೆಯ ಸಲ ವಿರೋಧಿಗಳ ಕಡೆಯಿಂದ ಧಿಕ್ಕಾರ ಬಿತ್ತು, ಅದಕ್ಕೆ ಉತ್ತರವಾಗಿ ಇನ್ನೂ ಜೋರಾದ ಚಪ್ಪಾಳೆ ಬಿತ್ತು. ಮೂರನೆಯ ಸಲದ ಹೊತ್ತಿಗೆ ಚೌಕದಲ್ಲಿ ಯಾರ ಮಾತು ಯಾರಿಗೂ ಕೇಳದಷ್ಟು ಸದ್ದಿತ್ತು. ಆ ಸದ್ದಿನೊಳಗೆ ನಿಂತು, ಈಗ ಸತ್ತರೂ ಪರವಾಗಿಲ್ಲ ಎಂದುಕೊಂಡ. ಈಗ ಸತ್ತರೆ ಒಳ್ಳೆಯದು ಎಂದೂ ಅನ್ನಿಸಿತು.

ಬ್ಯಾಂಡು ಮೊಳಗಿತು. ಮೇಸ್ತ್ರಿ ಕೈ ಬೀಸಿದ. ಹಗ್ಗಗಳು ಸಡಿಲವಾದವು. ಹಸಿರು ಪರದೆ ಮೇಲಿನಿಂದ ಬುಸ್ಸೆಂದು ಜಾರಿ, ಧೂಳೆಬ್ಬಿಸಿ, ಮೆಟ್ಟಿಲ ಬುಡಕ್ಕೆ ಬಿದ್ದಿತು. ಇಡೀ ಚೌಕ ಒಂದೇ ಉಸಿರು ಒಳಗೆಳೆದುಕೊಂಡಿತು. ಎಲ್ಲರ ಕಣ್ಣೂ ಎಂಬತ್ತಡಿಯ ಮೇಲೆ ನೆಟ್ಟಿತ್ತು.

ಅಲ್ಲಿ ನಾಲ್ಕು ಕಂಬಗಳ ತುದಿ ಇತ್ತು. ತುದಿಗಳ ನಡುವೆ ಆಕಾಶ ಇತ್ತು. ಒಂದು ಕಾಗೆ ಹಾದುಹೋಯಿತು.

ಕಣ್ಣುಗಳು ಕೆಳಗಿಳಿದವು. ಇನ್ನೂ ಕೆಳಗಿಳಿದವು. ಕಟ್ಟಡ ಅಲ್ಲಿತ್ತು.

ಚೆನ್ನಾಗಿತ್ತು. ಇದನ್ನು ಹೇಳಲೇಬೇಕು, ಬಹಳ ಚೆನ್ನಾಗಿತ್ತು. ಬೆಳಗಿನ ಬೆಳಕಿಗೆ ಬೂದಿಬಣ್ಣದ ಗೋಡೆ ಮೆತ್ತಗೆ ಹೊಳೆಯುತ್ತಿತ್ತು. ಬಾಗಿಲು ಮನುಷ್ಯರು ಒಳಗೆ ಹೋಗಬೇಕಾದಷ್ಟು ಎತ್ತರವಿತ್ತು. ಮೆಟ್ಟಿಲುಗಳು ಕೂತು ಹರಟೆ ಹೊಡೆಯಬೇಕು ಎನ್ನಿಸುವಷ್ಟು ಅಗಲವಿದ್ದವು. ಅಕ್ಕಪಕ್ಕದ ಹಳೆಯ ಮನೆಗಳಿಗಿಂತ ಒಂದಿಷ್ಟೇ ಎತ್ತರ. ಬೇರೆ ಯಾರಾದರೂ ಕಟ್ಟಿದ್ದರೆ ಅವನು ಹೋಗಿ ಅಪ್ಪಿಕೊಳ್ಳುತ್ತಿದ್ದ. ತಾನೇ ಕಟ್ಟಿದ್ದನ್ನು ನೋಡಿ ಅವನಿಗೆ ಆದದ್ದು ನಿರಾಸೆ. ಗೊತ್ತಿದ್ದೂ ನಿರಾಸೆ. ಆರು ವರ್ಷ ತಾನು ವಾಸವಾಗಿದ್ದ ಕಟ್ಟಡವನ್ನು ಯಾರೋ ಇದ್ದಕ್ಕಿದ್ದಂತೆ ಎತ್ತಿಕೊಂಡು ಹೋದ ಹಾಗಾಯಿತು.

ಬ್ಯಾಂಡಿನ ಡೋಲಿನವನೊಬ್ಬ ಇನ್ನೂ ಬಾರಿಸುತ್ತಿದ್ದ. ಅವನೂ ನಿಲ್ಲಿಸಿದ.

"ಇಷ್ಟೇನಾ?" ಒಂದು ಹೆಣ್ಣುದನಿ ಕೇಳಿತು. ಬೈಯುವ ದನಿಯಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ ದನಿ.

"ಮೇಲಿಂದು ಇನ್ನೂ ಕಟ್ತಾರೇನೋ," ಇನ್ನೊಬ್ಬರು ಸಮಾಧಾನ ಹೇಳಿದರು.

ಹೆಂಡತಿ ಅವನ ಪಕ್ಕಕ್ಕೆ ಬಂದು ನಿಂತಿದ್ದಳು. ಮೆಟ್ಟಿಲ ಮೇಲೆ ಪರದೆ ಮಡಿಸುತ್ತಿದ್ದ ಕೆಲಸದವರನ್ನೂ ಹಿಂದಿನ ಬಾಗಿಲನ್ನೂ ಮತ್ತೆ ಮತ್ತೆ ನೋಡಿದಳು. ಮನಸ್ಸಿನಲ್ಲೇ ಏನೋ ಅಳೆಯುತ್ತಿದ್ದಳು.

"ರೀ. ನನ್ನ ಜನ ಚಿಕ್ಕೋರಾಗಿದ್ರಾ?"

"ಹ್ಞೂ."

"ನಿಮಗೆ ಯಾವಾಗ ಗೊತ್ತಾಯ್ತು?"

"ಈಗ. ಈಗ ತಾನೇ."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಅವನ ಗಲ್ಲಕ್ಕೆ ಅಂಟಿದ್ದ ಹತ್ತಿಯನ್ನು ಕಿತ್ತು, ಜನರ ನಡುವೆ ಸರಿದುಹೋದಳು.

ಪೋಸ್ಟ್‌ಮಾಸ್ಟರು ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ನೆರಳನ್ನು ಹುಡುಕುತ್ತ ಬಂದರು. ನೆರಳು ಮೂರನೆಯ ಮೆಟ್ಟಿಲಿಗೆ ಬಂದು ನಿಂತಿತ್ತು. ಇಡೀ ಚೌಕದ ಮೇಲೆ ಧಾರಾಳವಾಗಿ ಬಿಸಿಲು ಬಿದ್ದಿತ್ತು. ಅವರ ಮುಖ ಬಿಳಿಚಿಕೊಂಡಿತ್ತು.

"ಮೋಸ ಮಾಡಿದ್ರಿ ನನಗೆ," ಎಂದರು.

"ನಾನು ಹೇಳಿದ್ನಲ್ಲ ಸಾರ್."

"ಹೇಳೋ ಥರ ಹೇಳ್ಲಿಲ್ಲ ನೀವು. ನಾಳೆ ಬೆಳಿಗ್ಗೆ ಎದ್ದು ನಾನು ಏನ್ ಮಾಡ್ಲಿ? ನೀವೇ ಹೇಳಿ."

ಅವನಿಗೂ ಅದೇ ಪ್ರಶ್ನೆ ಇತ್ತು.

ಅಧ್ಯಕ್ಷರು ಮಾತ್ರ ರಾಜಕೀಯದವರು. ಇಬ್ಬರೂ ಎದೆಗುಂದಿದಷ್ಟು ಹೊತ್ತಿನಲ್ಲಿ ಅವರಾಗಲೇ ಮುಂದಿನ ಹೆಜ್ಜೆ ಇಟ್ಟಾಗಿತ್ತು. "ಫೋಟೋದ ಮೇಡಂ ಎಲ್ಲಿ? ಕರೀರಿ! ಮೇಸ್ತ್ರೀ, ಮೊದಲು ಆ ಕಂಬ ಇಳಿಸು." ಆಮೇಲೆ ಅವನ ಕಿವಿಯ ಹತ್ತಿರ ಬಾಯಿ ತಂದು, "ಇಲ್ಲಿರೋರು ಎಷ್ಟು ಜನ? ಎರಡು ಸಾವಿರ. ನಾಳೆ ಪೇಪರ್ ನೋಡೋರು? ಸುಮ್ನಿರು," ಎಂದರು. ಬೈಗುಳವನ್ನು ಆಮೇಲಕ್ಕೆ ಇಟ್ಟುಕೊಂಡಿದ್ದಾರೆ ಎಂದು ಅವರ ಬೆರಳುಗಳ ಹಿಡಿತದಿಂದ ಗೊತ್ತಾಯಿತು.

ಪತ್ರಿಕೆಯ ಫೋಟೋಗ್ರಾಫರ್ ಗಟ್ಟಿ ಹೆಂಗಸು. ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದಳು. ಕಟ್ಟಡವನ್ನು ಒಂದು ಸಲ ನೋಡಿ, ಕಣ್ಣು ಕಿರಿದು ಮಾಡಿ, "ದೊಡ್ಡದಾಗಿ ಕಾಣ್ಬೇಕಾ?" ಎಂದಳು.

"ಫೋಟೋದಲ್ಲಿತ್ತಲ್ಲ, ಹಾಗೆ," ಎಂದರು ಅಧ್ಯಕ್ಷರು.

"ಆಗುತ್ತೆ ಬಿಡಿ. ಎಲ್ಲ ನಿಂತಿರೋದ್ರಲ್ಲೇ ಇರೋದು."

ಮೆಟ್ಟಿಲ ಬುಡದಲ್ಲಿ ಅಂಗಾತ ಮಲಗಿ, ತಲೆಯೆತ್ತಿ, ಕ್ಯಾಮೆರಾ ಹಿಡಿದಳು. "ಸುತ್ತ ಇರೋರು ಎಲ್ಲ ಕೂತ್ಕೊಳ್ಳಿ! ಪೂರ್ತಿ ಕೂತ್ಕೊಳ್ಳಿ, ತಲೆ ಬರ್ಬಾರದು!"

ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಅಧ್ಯಕ್ಷರ ಕಡೆಯವರು ಕೂತರು. ವಿರೋಧಿಗಳು ನಿಂತೇ ಇದ್ದರು. ಆಗ ಪೋಸ್ಟ್‌ಮಾಸ್ಟರು, "ಕೂತ್ಕೊಳ್ರೋ! ನೋಡಿದೋರಿಗೆ ಗೊತ್ತಾಗ್ಬೇಕು ನಾವು ಎಂಥಾದ್ದರ ವಿರುದ್ಧ ನಿಂತಿದ್ವಿ ಅಂತ!" ಎಂದು ಕೂಗಿ, ನೋಯುವ ಮಂಡಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲಕ್ಕೆ ಕೂತರು. ಅವರ ಹಿಂದೆ ಅವರ ಕಡೆಯವರೆಲ್ಲ ಕೂತರು. ಆರು ವರ್ಷದಲ್ಲಿ ಮೊದಲ ಸಲ ಊರು ಒಂದು ಮಾತಿಗೆ ಒಪ್ಪಿತ್ತು. ಚೌಕಕ್ಕೆ ಮತ್ತೆ ಜೀವ ಬಂತು. ನಗು, ಕೇಕೆ, ತಳ್ಳಾಟ. ಬ್ಯಾಂಡಿನವರೂ ಡೋಲು ತಬ್ಬಿಕೊಂಡು ಕೂತರು.

"ಒಬ್ಬರು ಬೇಕು, ಬಾಗಿಲ ಹತ್ರ!" ಫೋಟೋಗ್ರಾಫರ್ ಕೂಗಿದಳು. "ಅಳತೆಗೆ! ಒಬ್ಬ ಮನುಷ್ಯ ಇಲ್ದಿದ್ರೆ ದೊಡ್ಡದು ಅಂತ ಹೇಗೆ ಗೊತ್ತಾಗುತ್ತೆ?"

"ಹೋಗಯ್ಯಾ," ಅಧ್ಯಕ್ಷರು ಅವನ ಬೆನ್ನಿಗೆ ಕೈಕೊಟ್ಟು ನೂಕಿದರು. "ನಿನ್ನ ಕಟ್ಟಡ ತಾನೇ!"

ಮೆಟ್ಟಿಲು ಹತ್ತಿದ. ಹತ್ತುವಾಗ ಎರಡು ಸಾವಿರ ಜನ ಚಪ್ಪಾಳೆ ತಟ್ಟಿದರು, ಎರಡೂ ಕಡೆಯವರು. ಅವನಿಗೆ ಮತ್ತೆ ಖುಷಿಯಾಯಿತು. ತಡೆಯಲಾಗಲಿಲ್ಲ, ಕಾಲು ಹಗುರಾಯಿತು. ಬಾಗಿಲ ಮುಂದೆ ನಿಂತು ಶರ್ಟು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡ.

"ಅಯ್ಯೋ ಸಾರ್, ನಿಮ್ಮಿಂದ ಎಲ್ಲ ಕೆಟ್ಟೋಯ್ತು! ಬಾಗಿಲು ಚಿಕ್ಕದಾಗಿಬಿಡ್ತು! ಆ ಕಡೆ ತಿರುಗಿ, ಗೋಡೆ ನೋಡಿ. ಮಂಡಿ ಬಗ್ಗಿಸಿ. ಕಾಲು ಮೆಟ್ಟಿಲಲ್ಲಿ ಮರೆಯಾಗುತ್ತೆ, ಗೊತ್ತಾಗಲ್ಲ."

ತಿರುಗಿದ. ಮಂಡಿ ಬಗ್ಗಿಸಿದ.

"ಇನ್ನೂ!"

ಇನ್ನೂ ಬಗ್ಗಿಸಿದ. ಒಂದು ಮಂಡಿ ಕಲ್ಲಿಗೆ ತಾಗಿತು, ಆಮೇಲೆ ಇನ್ನೊಂದು. ಹಿಂದೆ ಜನ, "ಇನ್ನೂ, ಇನ್ನೂ!" ಎಂದು ಚಪ್ಪಾಳೆಯ ಲಯಕ್ಕೆ ಕೂಗತೊಡಗಿದ್ದರು. ಹಿಮ್ಮಡಿಯ ಮೇಲೆ ಕೂತು, ಹೆಗಲು ಕುಗ್ಗಿಸಿ, ಕತ್ತನ್ನು ಒಳಗೆ ಎಳೆದುಕೊಂಡು, ಕಣ್ಣನ್ನು ಮಾತ್ರ ಮೇಲಕ್ಕೆತ್ತಿದ. ಗೋಡೆ ಏರುತ್ತ ಏರುತ್ತ ಹೋಗಿತ್ತು. ಅದರ ತುದಿ ಕಾಣಲಿಲ್ಲ. ಭರ್ಜರಿಯಾಗಿತ್ತು. ಅವನ ಕಣ್ಣಲ್ಲಿ ನೀರು ಬಂತು.

"ಬಂತು, ಬಂತು," ಕೆಳಗಿನಿಂದ ಅವಳ ದನಿ. "ಅಲ್ಲಾಡ್ಬೇಡಿ ಸಾರ್. ಇನ್ನೊಂದೇ ಒಂದು ಚೂರು ಕೆಳಗೆ."

ಅವನು ಹಣೆಯನ್ನು ನೆಲದ ಕಡೆಗೆ ತಂದ.